ಗುಳಿಗೆಯ ದಾರಿ, ಸೂಜಿಯ ಆತುರ

ಕಬ್ಬಿನ ಹಂಗಾಮು ಆರಂಭವಾದೊಡನೆ ಶಿರಗುಪ್ಪಿ, ಕಾಗವಾಡ, ಉಗಾರ ಭಾಗದ ದವಾಖಾನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: “ಡಾಕ್ಟರ್ ಸಾಹೇಬ್ರ, ಗುಳಿಗಿ ಬ್ಯಾಡ, ಒಂದು ಸೂಜಿ ಮಾಡಿಬಿಡ್ರಿ.” ಒಂದು ದಿನ ಮಲಗಿದರೆ ಆ ದಿನದ ಕೂಲಿಯೇ ಹೋಗುವ ದುಡಿಮೆಗಾರರ ಆತುರ ಅರ್ಥವಾಗುವಂಥದ್ದೇ. ಆದರೆ ಆ ಆತುರದ ಹಿಂದಿರುವ ತಿಳಿವಳಿಕೆ ಸರಿಯಲ್ಲ. ಗುಳಿಗೆ ಹೊಟ್ಟೆಯಲ್ಲಿಯೇ ಉಳಿಯುತ್ತದೆ, ಸೂಜಿಯ ಔಷಧಿ ಮಾತ್ರ ರಕ್ತ ಸೇರುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಎರಡೂ ಸೇರುವುದು ರಕ್ತವನ್ನೇ. ದಾರಿ ಮಾತ್ರ ಬೇರೆ.

ನುಂಗಿದ ಗುಳಿಗೆ ಜಠರದಲ್ಲಿ ಒಡೆದು ಕರಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಸುಮಾರು 6 ಮೀಟರ್ ಉದ್ದದ ಈ ಕರುಳಿನ ಒಳಗೋಡೆಯ ತುಂಬ ಬೆರಳಿನಾಕಾರದ ಅತಿಸೂಕ್ಷ್ಮ ಚಾಚುಗಳಿವೆ. ಬಹುತೇಕ ಔಷಧಿಗಳು ಅವುಗಳ ಮೂಲಕವೇ ರಕ್ತಕ್ಕೆ ಹೀರಲ್ಪಡುತ್ತವೆ. ಕರುಳಿನಿಂದ ಹೊರಟ ರಕ್ತವು ಮೊದಲು ಯಕೃತ್ತನ್ನು ಹಾದು, ಅನಂತರ ಹೃದಯ ತಲುಪಿ, ಅಲ್ಲಿಂದ ದೇಹವನ್ನೆಲ್ಲ ವ್ಯಾಪಿಸುತ್ತದೆ. ಯಕೃತ್ತು ಊರಬಾಗಿಲ ಕಾವಲುಗಾರನಂತೆ ಔಷಧಿಯ ಒಂದು ಭಾಗವನ್ನು ಅಲ್ಲಿಯೇ ಮಾರ್ಪಡಿಸಿ, ಉಳಿದುದನ್ನು ಮುಂದಕ್ಕೆ ಬಿಡುತ್ತದೆ. ಈ ನಷ್ಟವನ್ನು ಲೆಕ್ಕಹಿಡಿದೇ ಗುಳಿಗೆಯ ಪ್ರಮಾಣವನ್ನು ನಿಗದಿಪಡಿಸಿರುತ್ತಾರೆ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅರ್ಧದಿಂದ ಒಂದು ತಾಸಿನೊಳಗೆ ಕೆಲಸಕ್ಕೆ ತೊಡಗುತ್ತದೆ. ಅಷ್ಟು ಸಮಯ ಉಳಿಸಲು ಸೂಜಿಯೇ ಬೇಕೆ?

ಸೂಜಿ ಅನಿವಾರ್ಯವಾದ ಸಂದರ್ಭಗಳು ಇಲ್ಲವೆಂದಲ್ಲ. ಇನ್ಸುಲಿನ್ ಒಂದು ಪ್ರೋಟೀನ್. ನುಂಗಿದರೆ ಅನ್ನದಂತೆಯೇ ಜೀರ್ಣವಾಗಿಬಿಡುತ್ತದೆ. ಆದುದರಿಂದ ಅದನ್ನು ಚರ್ಮದಡಿಗೆ ಚುಚ್ಚಬೇಕು. ಪ್ರಜ್ಞೆ ತಪ್ಪಿದವರಿಗೆ, ವಾಂತಿ ನಿಲ್ಲದವರಿಗೆ, ತೀವ್ರ ಸೋಂಕಿನವರಿಗೆ ರಕ್ತನಾಳದ ದಾರಿಯೇ ಜೀವದಾಯಕ. ಹೃದ್ರೋಗಿಗಳು ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಗುಳಿಗೆ ಯಕೃತ್ತನ್ನು ಹಾಯದೆ ನೇರವಾಗಿ ರಕ್ತ ಸೇರುತ್ತದೆ. ಅದನ್ನು ನುಂಗಿಬಿಟ್ಟರೆ ಪರಿಣಾಮ ತಡವಾಗುತ್ತದೆ, ಕುಗ್ಗುತ್ತದೆ. ಯಾವ ಔಷಧಿಗೆ ಯಾವ ದಾರಿ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರು, ರೋಗಿಯ ಒತ್ತಾಯವಲ್ಲ.

‘ನಿಶ್ಶಕ್ತಿಗೆ ಒಂದು ಬಾಟಲಿ ಸಲೈನ್’ ಎಂಬುದು ಇನ್ನೊಂದು ಮೋಹ. ಅರ್ಧ ಲೀಟರಿನ ಸಾಮಾನ್ಯ ಸಲೈನ್ ಬಾಟಲಿಯಲ್ಲಿರುವುದು ನೀರು ಮತ್ತು 4.5 ಗ್ರಾಂ ಉಪ್ಪು ಮಾತ್ರ. ಶೇ. 5ರ ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಗ್ಲೂಕೋಸ್. ಅದಕ್ಕಿಂತ ಹೆಚ್ಚಿನ ಶಕ್ತಿ ಒಂದು ಜೋಳದ ರೊಟ್ಟಿಯಲ್ಲಿದೆ. ಮೇಲಾಗಿ ರಕ್ತನಾಳದ ದಾರಿಯಲ್ಲಿ ಕರುಳಿನ ತಡೆಯಿಲ್ಲ. ಸೂಜಿಯಲ್ಲಿಯೋ ದ್ರಾವಣದಲ್ಲಿಯೋ ದೋಷವಿದ್ದರೆ ಅದೂ ನೇರವಾಗಿ ರಕ್ತ ಸೇರುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸುನೀಗಿದಾಗ, ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿ, ಅದರ ಬಳಕೆಯನ್ನು ರಾಜ್ಯ ಸರಕಾರ ತಡೆಹಿಡಿದುದನ್ನು ಮರೆಯಲಾಗದು.

ಕರುಳಿನ ಸಾಮರ್ಥ್ಯ ಎಷ್ಟೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಸಾಲದಾದಾಗ, ಡಾ. ದಿಲೀಪ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಗ್ಲೂಕೋಸ್ ತನ್ನೊಡನೆ ಉಪ್ಪನ್ನೂ, ಉಪ್ಪು ತನ್ನೊಡನೆ ನೀರನ್ನೂ ಕರುಳಿನಿಂದ ರಕ್ತಕ್ಕೆ ಕರೆದೊಯ್ಯುತ್ತದೆ. ಇಂದು ನಾವು ಬಳಸುವ ಓ.ಆರ್.ಎಸ್. ಪುಡಿಯ ಮರ್ಮ ಇದೇ.

ಇಷ್ಟು ಸಮರ್ಥವಾದ ದಾರಿಯನ್ನು ಕೆಡಿಸುವವರು ಅನೇಕ ವೇಳೆ ನಾವೇ. ಗರ್ಭಿಣಿಯರು ಕಬ್ಬಿಣಾಂಶದ ಗುಳಿಗೆಯನ್ನು ಚಹಾದೊಡನೆ ನುಂಗಿದರೆ ಅದು ರಕ್ತಕ್ಕೆ ಸೇರುವುದು ಕುಂಠಿತವಾಗುತ್ತದೆ. ಲಿಂಬೆಹಣ್ಣಿನ ಪಾನಕದೊಡನೆಯಾದರೆ ಹೆಚ್ಚುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ನಂತಹ ಔಷಧಿಗಳನ್ನು ಹಾಲಿನಲ್ಲಿರುವ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ಥೈರಾಯ್ಡ್ ಗುಳಿಗೆಗೆ ಬರಿಹೊಟ್ಟೆಯೇ ಬೇಕು. ನಿಧಾನವಾಗಿ ಕರಗಲೆಂದೇ ತಯಾರಿಸಿದ ಗುಳಿಗೆಯನ್ನು ಕುಟ್ಟಿ ಪುಡಿಮಾಡಿದರೆ ದಿನಪೂರ್ತಿ ಸಿಗಬೇಕಾದ ಪ್ರಮಾಣ ಒಮ್ಮೆಲೇ ರಕ್ತಕ್ಕೆ ನುಗ್ಗಬಹುದು. ಗುಳಿಗೆ ನುಂಗಿದೊಡನೆ ಮಲಗಿದರೆ ಅದು ಅನ್ನನಾಳದಲ್ಲಿಯೇ ಅಂಟಿ ಹುಣ್ಣಾಗಬಹುದು; ಕುಳಿತುಕೊಂಡು ತುಂಬು ಲೋಟ ನೀರಿನೊಡನೆ ಸೇವಿಸುವುದು ಲೇಸು.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ದವಾಖಾನೆಯಲ್ಲಿ ಸೂಜಿ ಕೇಳುವುದನ್ನು ಬಿಟ್ಟು ಮೂರು ಪ್ರಶ್ನೆ ಕೇಳಿರಿ: ಈ ಔಷಧಿ ಊಟಕ್ಕೆ ಮುಂಚೆಯೋ, ನಂತರವೋ? ಹಾಲು–ಚಹಾದೊಡನೆ ಆಗುವುದೋ, ಇಲ್ಲವೋ? ಮುರಿದು ನುಂಗಬಹುದೋ, ಬಾರದೋ? ಶ್ರಾವಣದ ಉಪವಾಸ ಹಿಡಿಯುವ ಮಧುಮೇಹಿಗಳು, ಹೃದ್ರೋಗಿಗಳು ಔಷಧಿಯ ವೇಳೆಯನ್ನು ಕುರಿತು ಮುಂಚಿತವಾಗಿಯೇ ವೈದ್ಯರನ್ನು ವಿಚಾರಿಸಿಕೊಳ್ಳಲಿ. ಕಾಯಕಕ್ಕೆ ಆಧಾರ ಕಾಯ. ಅದರೊಳಗೆ ಔಷಧಿ ಸಾಗುವ ದಾರಿಯನ್ನು ಅರಿತು ನಡೆಯುವುದು ಆ ಕಾಯಕ್ಕೆ ನಾವು ತೋರುವ ಗೌರವ.