ಸ್ವಾರಸ್ಯದ ದಂಡನೆ

‘ಇಂತಹ ಹುಡುಗರಿಗೆ ಗಣಿತವಾದರೂ ಬಂದೀತು, ಕಾವ್ಯವೇತಕ್ಕೆ?’ ಎಂಬ ಮಾತನ್ನು ಈಚೆಗೆ ಮಂಡ್ಯದಲ್ಲಿ ಉಪಾಧ್ಯಾಯರ ಒಂದು ಗೋಷ್ಠಿಯಲ್ಲಿ ಕೇಳಿದೆವು. ಆಡಿದವರು ದಯಾಳುಗಳು, ಓದಿದವರು. ಸ್ವಲೀನತೆಯುಳ್ಳ ಬಾಲಕನಿಗೆ ಪರರ ಮನಸ್ಸು ತಿಳಿಯದು. ಅದು ತಿಳಿಯದವನಿಗೆ ರಸವೆಲ್ಲಿಯದು. ಆದುದರಿಂದ ಅವನನ್ನು ಸಾಹಿತ್ಯಪಾಠದಿಂದ ಬಿಡಿಸುವುದೇ ಉಪಕಾರವೆಂದು ಅವರ ವಾದಸರಣಿ. ಈ ದಯೆಯನ್ನು ನಾವು ಒಪ್ಪುವುದಿಲ್ಲ.

ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆಗಳೆಂದು ಮೂರು ವೃತ್ತಿಗಳನ್ನು ಆಲಂಕಾರಿಕರು ಹೇಳಿರುವರಷ್ಟೆ. ‘ಗಂಗೆಯಲ್ಲಿ ಗೊಲ್ಲರ ಹಳ್ಳಿ’ ಎಂಬುದು ಪಾಠಶಾಲೆಯ ಹಳೆಯ ಉದಾಹರಣೆ. ಪ್ರವಾಹದ ಮೇಲೆ ಹಳ್ಳಿಯಿರಲಾರದು. ಮುಖ್ಯಾರ್ಥವು ಬಾಧಿತವಾಗಲು ಗಂಗೆಯೆಂದರೆ ಗಂಗಾತೀರವೆಂದಾಗುವುದು. ಹಾಗೆ ಹೇಳಿದುದರಿಂದ ತಂಪೂ ಪಾವಿತ್ರ್ಯವೂ ಧ್ವನಿಸುವುವು. ಶಾಸ್ತ್ರಕಾರರು ಇದನ್ನು ‘ತಾನಾಗಿ ತಿಳಿಯತಕ್ಕದ್ದು’ ಎಂದು ಬಿಟ್ಟುಬಿಡಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ ತೋರಿಸಿದರು. ‘ಸೂರ್ಯನು ಅಸ್ತಮಿಸಿದನು’ ಎಂಬ ಒಂದೇ ಮಾತು ದನ ಕಾಯುವವನಿಗೊಂದು, ಸಂಧ್ಯಾವಂದನೆಯವನಿಗೊಂದು ಅರ್ಥವಾಗುವುದನ್ನು ಮಮ್ಮಟನು ಎಣಿಸಿ ಎಣಿಸಿ ಬರೆದನು. ಅಭಿಧೆಯಲ್ಲಿಯೇ ನಿಲ್ಲುವ ಬುದ್ಧಿಗೆ ಬೇಕಾದುದೂ ಇದೇ. ಆ ಪದ್ಧತಿಯನ್ನು ಕೈಬಿಟ್ಟವರು ನಾವು. ದೋಷವನ್ನು ಹೊತ್ತಿರುವವನು ಮಾತ್ರ ಬಾಲಕ.

ಇನ್ನೊಬ್ಬರನ್ನು ಆಕ್ಷೇಪಿಸುವ ಮೊದಲು ನಮ್ಮ ತಪ್ಪನ್ನೊಪ್ಪುವುದು ನ್ಯಾಯ. ಸುಮಾರು ಮೂವತ್ತು ವರ್ಷಗಳ ಹಿಂದೆ ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಭಾಮಿನೀ ಷಟ್ಪದಿಯನ್ನು ಒಮ್ಮೆ ಕೇಳಿದರೆ ಸಾಕು, ಪ್ರಸ್ತಾರ ಹಾಕುವನು. ಕರಿಹಲಗೆಯ ಮೇಲೆ ನಾವು ತಪ್ಪಿ ಹಾಕಿದ್ದ ಗುರುವೊಂದನ್ನು, ಕೇಳದೆ ಎದ್ದು ಬಂದು ಅಳಿಸಿ, ಲಘುವಾಗಿ ತಿದ್ದಿದನು. ಅದನ್ನು ಉದ್ಧಟತನವೆಂದೆಣಿಸಿದೆವು. ಮಾತನಾಡಿಸಿದರೆ ಮುಖ ನೋಡುತ್ತಿರಲಿಲ್ಲ. ಅದೂ ಉದ್ಧಟತನವೇ ಆಯಿತು. ‘ಅವಳ ಹೊಟ್ಟೆಗೆ ಬೆಂಕಿ ಬಿದ್ದಿತು’ ಎಂಬ ವಾಕ್ಯ ಬಂದಾಗ ‘ನೀರು ಯಾರು ತಂದರು?’ ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. ಅವನು ನಗಿಸಲು ಕೇಳಿರಲಿಲ್ಲ. ಆ ಹೆಂಗಸಿನ ಗತಿಯೇನಾಯಿತೆಂಬ ಕಳವಳದಿಂದ ಕೇಳಿದ್ದನು. ಮನಸ್ಸು ತಿಳಿಯದೆ ಹೋದುದು ಯಾರಿಗೆ?

ವೈದ್ಯರಾರೂ ಅವನನ್ನು ನೋಡಲಿಲ್ಲ. ಈಗ ನೆನೆದರೆ ಸ್ವಲೀನತೆಯೆಂದೇ ತೋರುತ್ತದೆ. (ಈ ಹೆಸರೂ ನಮಗೆ ರುಚಿಸದು. ಅವನು ತನ್ನಲ್ಲಿ ಲೀನನಾಗಿರಲಿಲ್ಲ, ಅಕ್ಷರದಲ್ಲಿ ಲೀನನಾಗಿದ್ದನು.) ಲಿಯೋ ಕ್ಯಾನರನು ಅಮೆರಿಕಾದಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು 1943ರಲ್ಲಿಯೇ ಪ್ರಕಟಿಸಿದ್ದನು, ಮಂಡ್ಯಕ್ಕೆ 45 ಕಿಲೋಮೀಟರು ದೂರದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ಇದ್ದಿತು. ತಿಳಿಯಲಿಲ್ಲವೆಂಬುದು ನಮ್ಮ ಪರವಾದ ಉತ್ತರವಾಗಲಾರದು.

ಇನ್ನು ಪರೀಕ್ಷೆಯ ವಿಚಾರ. ‘ಸಂದರ್ಭವನ್ನು ಬರೆದು ಸ್ವಾರಸ್ಯವನ್ನು ವಿವರಿಸಿರಿ’ ಎಂದು ಕೇಳುವೆವು. ಗೈಡು ಪುಸ್ತಕದಲ್ಲಿ ಅಚ್ಚಾದ ಸ್ವಾರಸ್ಯವನ್ನು ಬಾಯಿಪಾಠ ಮಾಡಿದವನಿಗೆ ಪೂರ್ಣ ಅಂಕ. ಕಂಡಷ್ಟನ್ನೇ ಬರೆದು, ಕಾಣದುದನ್ನು ಕಾಣೆನೆಂದವನಿಗೆ ಸೊನ್ನೆ. ಮೊದಲನೆಯವನು ರಸವನ್ನು ಸವಿದನೆಂದು ಪ್ರಮಾಣಮಾಡಿ ಹೇಳಬಲ್ಲ ಪರೀಕ್ಷಕರು ಮದ್ದೂರಿನಲ್ಲಾಗಲಿ ಮಳವಳ್ಳಿಯಲ್ಲಾಗಲಿ ಇದ್ದರೆ ಮುಂದೆ ಬರಲಿ. ಯಾವ ಮಾತು, ಯಾರು ಯಾರಿಗೆ ಆಡಿದುದು, ಅದರ ನೇರಾದ ಅರ್ಥವೇನು, ಆ ಅರ್ಥ ಅಲ್ಲಿ ಹೊಂದದಿರುವುದೇಕೆ ಎಂದು ಬಿಡಿಸಿ ಕೇಳಿದರೆ ಈ ಮಕ್ಕಳಲ್ಲಿ ಅನೇಕರು ಉತ್ತರಿಸುವರು. ಉಳಿದ ಮಕ್ಕಳಿಗೂ ನಷ್ಟವೇನಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ಸ್ಪಷ್ಟವಾಗಿ ಸೇರಿಸಿದೆ. ಅದರ 17ನೆಯ ಪ್ರಕರಣವು ಪಠ್ಯಕ್ರಮದಲ್ಲಿಯೂ ಪರೀಕ್ಷೆಯಲ್ಲಿಯೂ ತಕ್ಕ ಮಾರ್ಪಾಡು, ಹೆಚ್ಚಿನ ಕಾಲ, ಲಿಪಿಕಾರರ ನೆರವು ಇವುಗಳನ್ನು ಹೇಳಿ, ಎರಡನೆಯ ಮೂರನೆಯ ಭಾಷೆಗಳ ವಿನಾಯಿತಿಯನ್ನೂ ಹೇಳುತ್ತದೆ. ಮೊದಲಿನವು ಶ್ರಮದ ಕೆಲಸ; ಕಡೆಯದಕ್ಕೆ ಒಂದು ರುಜು ಸಾಕು. ನಮ್ಮವರು ಹಿಡಿಯುವುದು ಕಡೆಯದನ್ನೇ. ಮಾತೇ ಬಾರದ ಕೆಲವು ಮಕ್ಕಳಿಗೆ ಅದು ನಿಜವಾದ ನೆರವೆಂಬುದನ್ನು ಅಲ್ಲಗಳೆಯೆವು. ಆದರೆ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಕನ್ನಡವು ಎರಡನೆಯ ಭಾಷೆಯಾಗಿರುವೆಡೆ ಬಿಟ್ಟುಹೋಗುವುದು ತಾಯಿ ಮನೆಯಲ್ಲಾಡುವ ನುಡಿಯೇ. ಪು.ತಿ.ನ. ಅವರ ಮೇಲುಕೋಟೆಯೂ ಕೆ.ಎಸ್. ನರಸಿಂಹಸ್ವಾಮಿಗಳ ಕಿಕ್ಕೇರಿಯೂ ನಮ್ಮವೆಂದು ವರ್ಷವರ್ಷವೂ ಭಾಷಣ ಮಾಡುವ ಜಿಲ್ಲೆಯಲ್ಲಿ ಇದು ನಡೆಯುತ್ತಿದೆ.

ಸಹೃದಯನೆಂದರೆ ಸಮಾನವಾದ ಹೃದಯವುಳ್ಳವನು. ಸಮಾನತೆಗೆ ಇಬ್ಬರು ಬೇಕು. ಸ್ವತಃ ಸ್ವಲೀನರಾದ ಇಂಗ್ಲೆಂಡಿನ ವಿದ್ವಾಂಸ ಡೇಮಿಯನ್ ಮಿಲ್ಟನ್ ಅವರು 2012ರಲ್ಲಿ ವಾದಿಸಿದುದೂ ಇದನ್ನೇ: ತಿಳಿಯದಿರುವಿಕೆ ಒಂದು ಕಡೆಯದಲ್ಲ, ಎರಡು ಕಡೆಯದು.

ನಮ್ಮ ಸಂಘದ ಮೇಲೂ ಒಂದು ದೂರುಂಟು. ನವೆಂಬರಿನ ಕಾವ್ಯವಾಚನ ಸ್ಪರ್ಧೆಯಲ್ಲಿ ‘ಮುಖಭಾವ’ಕ್ಕೆಂದು ಅಂಕಗಳನ್ನು ತೆಗೆದಿಟ್ಟಿದ್ದೇವೆ. ತೀರ್ಪುಗಾರರ ಕಣ್ಣನ್ನು ನೋಡದೆ, ಗೋಡೆಯ ಕಡೆ ತಿರುಗಿ, ಒಂದು ಮಾತ್ರೆಯೂ ತಪ್ಪದೆ ಓದುವ ಮಗು ಅಲ್ಲಿಗೆ ಬಂದರೆ ಅದಕ್ಕೆ ಎಷ್ಟು ಅಂಕ ಕೊಡುವಿರೆಂದು ಕಾರ್ಯದರ್ಶಿಗಳು ಮುಂದಿನ ಸಂಚಿಕೆಯಲ್ಲಿ ತಿಳಿಸಬೇಕಾಗಿ ಕೋರುತ್ತೇವೆ.