ರ‍್ಯಾಂಪ್ ಇದೆ, ಅಳತೆ ಇಲ್ಲ

ಯಾದಗಿರಿ, ಶಹಾಪುರ, ಸುರಪುರದಲ್ಲಿ ಇತ್ತೀಚೆಗೆ ಎದ್ದ ಕಟ್ಟಡಗಳ ಮುಂದೆ ಒಮ್ಮೆ ನಿಂತು ನೋಡಿ. ಹಲವು ಕಡೆ ಮೆಟ್ಟಿಲ ಪಕ್ಕ ಒಂದು ರ‍್ಯಾಂಪ್ ಕಾಣುತ್ತದೆ. ಕೆಲವಕ್ಕೆ ನೀಲಿ ಬಣ್ಣದಲ್ಲಿ ವೀಲ್‌ಚೇರ್ ಚಿತ್ರವನ್ನೂ ಬರೆದಿರುತ್ತಾರೆ. ಆದರೆ ಅದರ ಮೇಲೆ ಏರುವುದು ಬೈಕ್ ಮಾತ್ರ. ಸಿವಿಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಈಗ ಯಾವ ಕಟ್ಟಡ ಕಂಡರೂ ಕಣ್ಣಲ್ಲೇ ಅಳೆಯುವ ಚಟ. ಅಳೆದಷ್ಟೂ ಬೇಸರವೇ ಹೆಚ್ಚು.

ಲೆಕ್ಕ ಕಷ್ಟದ್ದಲ್ಲ. ರ‍್ಯಾಂಪಿಗೆ ನಿಯಮ ಹೇಳುವ ಪ್ರಮಾಣ 1:12. ಅಂದರೆ 1 ಅಡಿ ಎತ್ತರ ಏರಲು 12 ಅಡಿ ಉದ್ದ ಬೇಕು. ತಲಾ 6 ಇಂಚಿನ 3 ಮೆಟ್ಟಿಲಿದ್ದರೆ ಎತ್ತರ ಒಂದೂವರೆ ಅಡಿ, ರ‍್ಯಾಂಪ್ 18 ಅಡಿ. ಅಗಲ ಕನಿಷ್ಠ 1,200 ಮಿ.ಮೀ., ಎರಡೂ ಬದಿಗೆ ಹಿಡಿಕಂಬಿ. ನಮ್ಮಲ್ಲಿ ಉಳಿದ ಜಾಗದಲ್ಲಿ ಐದಾರು ಅಡಿಗೇ ಮುಗಿಸಿಬಿಡುತ್ತಾರೆ. ಮೇಲೆ ನಯವಾದ ಶಹಾಬಾದ್ ಕಲ್ಲು ಹಾಸುತ್ತಾರೆ. ಮಳೆ ಬಂದ ದಿನ ಅದು ಜಾರುಬಂಡಿ. ಇದನ್ನೇ ಒಬ್ಬ ಗೌಂಡಿಗೆ ಕೇಳಿದಾಗ ಅವರು ನಕ್ಕು ಹೇಳಿದ್ದು: ‘ಯಾರ್ ಬರ್ತಾರ ತಮ್ಮಾ ಗಾಡಿ ತಗೊಂಡು? ಫೋಟೊದಾಗ ಕಂಡ್ರ ಸಾಕು.’

ಬರುವವರು ಇದ್ದಾರೆ. ನನ್ನ ಗೆಳೆಯನೊಬ್ಬ ಅಪಘಾತದ ನಂತರ ಊರುಗೋಲಿನ ಮೇಲೆ ನಡೆಯುತ್ತಾನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ನಾವಿಬ್ಬರೂ ಹೋಗುವ ಖಾಸಗಿ ಓದುವ ಕೋಣೆ ಎರಡನೇ ಮಹಡಿಯಲ್ಲಿದೆ, ಶೌಚಾಲಯ ಕೆಳಗಿದೆ. ಬೆಳಿಗ್ಗೆ ಒಮ್ಮೆ ಏರಿದರೆ ಅವನು ಇಳಿಯುವುದು ಸಂಜೆಗೇ. ಪದೇ ಪದೇ ಇಳಿಯುವುದು ಬೇಡವೆಂದು ನಮ್ಮ ಭಾಗದ ಬಿಸಿಲಲ್ಲೂ ದಿನವಿಡೀ ನೀರು ಕುಡಿಯುವುದಿಲ್ಲ. ತಿಂಗಳ ಶುಲ್ಕ ಮಾತ್ರ ಇಬ್ಬರಿಗೂ ಒಂದೇ.

ಇದು ಅವನೊಬ್ಬನ ಕಷ್ಟ ಎಂದುಕೊಂಡರೆ ತಪ್ಪಾದೀತು. ಅದೇ ಕಟ್ಟಡದ ಏಕೈಕ ಮೆಟ್ಟಿಲು ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದಷ್ಟು ಇಕ್ಕಟ್ಟು. ಕೆಳಗೆ ಇನ್ವರ್ಟರ್ ಬ್ಯಾಟರಿ, ಸಾಲು ಬೈಕ್. ಕಿಟಕಿಗಳಿಗೆ ತೆಗೆಯಲಾಗದ ಗ್ರಿಲ್. ಬೆಂಕಿ ಬಿದ್ದರೆ ಎರಡು ಕಾಲು ಗಟ್ಟಿ ಇರುವ ನಾನು ಕೂಡ ಇಳಿಯಲಾರೆ. 2004ರಲ್ಲಿ ತಮಿಳುನಾಡಿನ ಕುಂಭಕೋಣದ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. 2024ರ ಜುಲೈನಲ್ಲಿ ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ, ಅಲ್ಲಿನ ಗ್ರಂಥಾಲಯದಲ್ಲಿದ್ದ ಮೂವರು ಅಭ್ಯರ್ಥಿಗಳು ಮುಳುಗಿ ಸತ್ತರು. ಆ ನೆಲಮಾಳಿಗೆಗೆ ಅನುಮತಿ ಇದ್ದದ್ದು ಸಾಮಾನು ಇಡಲು, ವಾಹನ ನಿಲ್ಲಿಸಲು. ಅವರೂ ನಮ್ಮಂತೆಯೇ ಪುಸ್ತಕ ಹಿಡಿದು ಕೂತಿದ್ದವರು.

ಹಾಗಾದರೆ ನಿಯಮಗಳಿಲ್ಲವೇ? ಇವೆ. ಭಾರತೀಯ ಮಾನಕ ಬ್ಯೂರೊದ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲೇ ಬಂತು, 2016ರಲ್ಲಿ ಪರಿಷ್ಕರಣೆಯಾಯಿತು. ಮೆಟ್ಟಿಲ ಎತ್ತರ, ಬಾಗಿಲ ಅಗಲ, ಬೆಂಕಿ ಬಿದ್ದಾಗ ಹೊರಬರುವ ದಾರಿ ಎಲ್ಲವೂ ಅದರಲ್ಲಿವೆ. ಆದರೆ ಸಂಹಿತೆ ತಾನಾಗಿಯೇ ಕಾನೂನಲ್ಲ, ಸಲಹೆ. ರಾಜ್ಯವು ತನ್ನ ಕಟ್ಟಡ ಉಪವಿಧಿಗಳಲ್ಲಿ ಸೇರಿಸಿಕೊಂಡಾಗ ಮಾತ್ರ ಅದಕ್ಕೆ ಹಲ್ಲು ಬರುತ್ತದೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಯಿತು. ನಕ್ಷೆಯಲ್ಲಿ ಸುಗಮ ಪ್ರವೇಶದ ನಿಯಮ ಪಾಲನೆಯಾಗಿರದಿದ್ದರೆ ಕಟ್ಟಲು ಅನುಮತಿ ಇಲ್ಲ, ಕಟ್ಟಿದ ಮೇಲೆ ಪಾಲಿಸದಿದ್ದರೆ ಪೂರ್ಣಗೊಂಡ ಪ್ರಮಾಣಪತ್ರ ಇಲ್ಲ ಎನ್ನುತ್ತದೆ ಅದರ 44ನೇ ಸೆಕ್ಷನ್. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ 5 ವರ್ಷದ ಗಡುವು 2022ಕ್ಕೇ ಮುಗಿಯಿತು. ಜನ ಬಳಸುವ ಖಾಸಗಿ ಕಟ್ಟಡವೂ ಈ ಕಾಯ್ದೆಯ ಕಣ್ಣಲ್ಲಿ ಸಾರ್ವಜನಿಕ ಕಟ್ಟಡವೇ. ಕೋಚಿಂಗ್ ಕೇಂದ್ರವೂ ಅದರಲ್ಲಿ ಬಂತು. ಇಷ್ಟಾದರೂ ಕೇಂದ್ರದ ನಿಯಮಗಳಲ್ಲಿ ಅಳತೆಗಳು ಮಾರ್ಗಸೂಚಿಯ ರೂಪದಲ್ಲೇ ಉಳಿದಿದ್ದವು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕಾಯ್ದೆ ‘ಮಾಡಲೇಬೇಕು’ ಎನ್ನುವಾಗ ನಿಯಮ ‘ಮಾಡಿದರೆ ಒಳ್ಳೆಯದು’ ಎನ್ನುವಂತಿಲ್ಲ, ಕಡ್ಡಾಯ ಮಾನದಂಡಗಳನ್ನು 3 ತಿಂಗಳಲ್ಲಿ ರೂಪಿಸಿ ಎಂದು ಹೇಳಿತು.

ನನ್ನ ಪ್ರಕಾರ ಕೊಂಡಿ ಕಳಚುವುದು ಇನ್ನೂ ಕೆಳಗೆ. ನಕ್ಷೆಯಲ್ಲಿ 18 ಅಡಿ ಬರೆದಿರಬಹುದು. ಕಟ್ಟಿದ ಮೇಲೆ ಸ್ಥಳಕ್ಕೆ ಹೋಗಿ ಟೇಪು ಹಿಡಿಯುವವರು ಯಾರು? ‘ರ‍್ಯಾಂಪ್ ಇದೆಯೇ?’ ಎಂಬ ಕಾಲಂಗೆ ‘ಇದೆ’ ಎಂದು ಬರೆದರೆ ಮುಗಿಯಿತು. ಕೇಳಬೇಕಾದದ್ದು ‘ಎಷ್ಟು ಉದ್ದ, ಎಷ್ಟು ಎತ್ತರ?’ ಎಂದು. ಅಳತೆಯನ್ನು ಅಂಕಿಯಲ್ಲಿ ಬರೆದು, ಫೋಟೊ ಲಗತ್ತಿಸಿ, ಅಳೆದವರು ಸಹಿ ಮಾಡುವ ತನಕ ಪ್ರಮಾಣಪತ್ರ ಕೊಡಕೂಡದು.

ಜಾಗ ಎಲ್ಲಿದೆ ಎನ್ನುವ ಮಾಲೀಕರ ತಕರಾರೂ ಸುಳ್ಳಲ್ಲ. 30–40ರ ನಿವೇಶನದಲ್ಲಿ 18 ಅಡಿ ಬಿಡುವುದು ಕಷ್ಟ. ರಸ್ತೆಯ ಮೇಲೆ ರಸ್ತೆ ಹಾಕಿ ಎತ್ತರಿಸುತ್ತಾ ಹೋಗುವುದರಿಂದ ಮನೆಗೆ ನೀರು ನುಗ್ಗೀತೆಂದು ಜನ ತಳಪಾಯ ಏರಿಸುತ್ತಾರೆ, ಮೆಟ್ಟಿಲು ಹೆಚ್ಚುತ್ತವೆ. ಹಾಗಾಗಿ ಹಳೆಯ ರಸ್ತೆಯನ್ನು ಕೆರೆದು ಹೊಸದು ಹಾಕುವುದು ಸ್ಥಳೀಯ ಸಂಸ್ಥೆಯ ಕೆಲಸ. ರ‍್ಯಾಂಪನ್ನು ನಡುವೆ ಸಮತಟ್ಟು ಬಿಟ್ಟು ತಿರುಗಿಸಬಹುದು. ಸುರಪುರದಂಥ ಗುಡ್ಡದ ಊರಿನಲ್ಲಿ ಮೇಲಿನ ಬದಿಯ ರಸ್ತೆಯಿಂದಲೇ ಮಟ್ಟಸವಾದ ಬಾಗಿಲು ಇಡಬಹುದು. ಏನೂ ಆಗದಿದ್ದರೆ ನೆಲಮಹಡಿಯಲ್ಲಿ ಒಂದು ಕೋಣೆ, 3 ಅಡಿ ಬಾಗಿಲಿನ ಒಂದು ಶೌಚಾಲಯ. ಇದರಿಂದ ಬಸುರಿಗೆ, ಮಂಡಿನೋವಿನ ಅಜ್ಜಿಗೆ, ಮೂಟೆ ಹೊರುವ ಹಮಾಲರಿಗೂ ಅನುಕೂಲ.

ನಮ್ಮ ಜಿಲ್ಲೆ ಹುಟ್ಟಿದ್ದೇ 2010ರಲ್ಲಿ. ಕಚೇರಿ, ಹಾಸ್ಟೆಲ್, ಶಾಲಾ ಕೋಣೆಗಳು ಇನ್ನೂ ಏಳುತ್ತಲೇ ಇವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬರುತ್ತಿದೆ. ದೊಡ್ಡ ನಗರಗಳು ಒಡೆದು ಕಟ್ಟಬೇಕು, ನಾವು ಕಟ್ಟುವಾಗಲೇ ಸರಿಯಾಗಿ ಕಟ್ಟಬಹುದು. ತಡವಾಗಿ ಅಭಿವೃದ್ಧಿಯಾಗುವ ಊರಿಗೆ ಇರುವ ಲಾಭ ಇದೊಂದೇ, ಅದನ್ನೂ ಕಳೆದುಕೊಳ್ಳಬೇಕೇ?

ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಓದುವ ಗೆಳೆಯರೇ, ಸರ್ವೇ ಪ್ರಾಕ್ಟಿಕಲ್‌ಗೆ ಕಾಲೇಜಿನ ಮೈದಾನವನ್ನೇ ಎಷ್ಟು ಸಲ ಅಳೆಯುತ್ತೀರಿ? ನಿಮ್ಮ ಕಾಲೇಜು, ಬಸ್ ನಿಲ್ದಾಣ, ಗ್ರಂಥಾಲಯದ ರ‍್ಯಾಂಪ್ ಅಳೆದು ಪಟ್ಟಿ ಮಾಡಿ. ಅದನ್ನು ನಗರಸಭೆಗೆ ಕೊಡಿ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿ ಕೇಳಿ. ಇಂದು ಕೆಲಸಕ್ಕಾಗಿ ಓದುತ್ತಿರುವ ನಮ್ಮಲ್ಲೇ ಯಾರೋ ನಾಳೆ ಕಿರಿಯ ಎಂಜಿನಿಯರ್ ಆಗುತ್ತಾರೆ, ಪಿಡಿಒ ಆಗುತ್ತಾರೆ. ಆ ಕಾಲಂ ತುಂಬಲು ಕಡತ ಅವರ ಮೇಜಿಗೇ ಬರುತ್ತದೆ. ಸಹಿ ಹಾಕುವ ಮುನ್ನ ಟೇಪು ತೆಗೆದುಕೊಂಡು ಹೊರಡಲಿ.