ತೆರೆಯ ಮೇಲಣ ದೆವ್ವಗಳೂ ಬೀದಿಯ ವದಂತಿಗಳೂ

ಕನ್ನಡನಾಡಿನ ಬಾಗಿಲುಗಳ ಮೇಲೆ ಹುಟ್ಟಿದ ದೆವ್ವವೊಂದು 2018ನೆಯ ಇಸವಿಯಲ್ಲಿ ಹಿಂದಿಯನ್ನು ಕಲಿತು ಮಧ್ಯಪ್ರದೇಶದ ಚಂದೇರಿಯಲ್ಲಿ ಹೋಗಿ ನೆಲಸಿತು. ‘ಸ್ತ್ರೀ’ ಎಂಬ ಆ ಚಲಚ್ಚಿತ್ರವು ದೇಶದಲ್ಲೆಲ್ಲ ಪ್ರದರ್ಶಿತವಾಗಿ ಹೇರಳವಾಗಿ ಹಣ ಗಳಿಸಿದುದನ್ನು ನಮ್ಮ ವಾಚಕರು ಬಲ್ಲರು. ಅದರಲ್ಲಿ ಊರಿನವರು ರಾತ್ರಿ ಸಂಚರಿಸುವ ಹೆಣ್ಣು ದೆವ್ವವನ್ನು ನಾಳೆ ಬರುವಂತೆ ಕೇಳಿಕೊಳ್ಳುವ ಬರಹವನ್ನು ಗೋಡೆಗಳ ಮೇಲೆ ಬರೆದುಕೊಳ್ಳುವರು. ಈ ಬರಹದ ತವರು ನಮ್ಮದು. ನಮ್ಮ ದೆವ್ವವನ್ನು ಪರರು ಕೊಂಡೊಯ್ದರೆಂದು ಹಲುಬುವುದು ಈ ಲೇಖನದ ಉದ್ದೇಶವಲ್ಲ. ಕಥೆಯನ್ನು ಬಲ್ಲವನು ಹೇಳಿದನು. ಬಲ್ಲವರಾಗಿಯೂ ನಾವು ಸುಮ್ಮನಿದ್ದೆವು. ಆದರೆ ದೆವ್ವದ ಕಥೆಗಳನ್ನು ಟೆಲಿವಿಷನ್ನಿನಲ್ಲಿ ತೋರಿಸಬಹುದೇ, ತೋರಿಸುವುದಾದರೆ ಹೇಗೆ, ಎಂಬ ಪ್ರಶ್ನೆಯನ್ನು ಇದೇ ಸಂದರ್ಭದಲ್ಲಿ ವಿಚಾರ ಮಾಡುವುದು ಯುಕ್ತವೆಂದು ತೋರುತ್ತದೆ.

1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ‘ನಾಳೆ ಬಾ’ ಎಂಬ ಎರಡು ಮಾತುಗಳು ಮನೆ ಮನೆಯ ಕದದ ಮೇಲೆ ಕಾಣಿಸಿಕೊಂಡವು. ರಾತ್ರಿಯ ವೇಳೆ ಒಂದು ಹೆಣ್ಣು ದೆವ್ವವು ಬಂದು ಮನೆಯವರ ಆಪ್ತರ ಧ್ವನಿಯಲ್ಲಿಯೇ ಕರೆಯುವುದೆಂದೂ, ಬಾಗಿಲು ತೆರೆದವರು ಸಾಯುವರೆಂದೂ, ಬರಹವನ್ನು ಓದಿದರೆ ಅದು ಹಿಂದಿರುಗಿ ಮರುದಿನ ಬಂದು ಅದೇ ಬರಹವನ್ನು ಮತ್ತೆ ಓದಿ ಮತ್ತೆ ಹಿಂದಿರುಗುವುದೆಂದೂ ಜನರು ನಂಬಿದರು. ಈ ದೆವ್ವವು ಅಕ್ಷರಸ್ಥೆ, ಕನ್ನಡವನ್ನು ಓದಬಲ್ಲಳು, ಬರಹದಲ್ಲಿ ಕಂಡುದನ್ನು ಮರುಮಾತಿಲ್ಲದೆ ಪಾಲಿಸತಕ್ಕವಳು. ಇಷ್ಟು ವಿಧೇಯತೆಯನ್ನು ಕನ್ನಡ ನಾಮಫಲಕಗಳಿಗೆ ನಮ್ಮ ರಾಜಧಾನಿಯ ವರ್ತಕರು ತೋರಿಸಿದ್ದರೆ ಚೆನ್ನಾಗಿತ್ತು. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ರೈತನಿಗೆ ಅದೇ ಎರಡು ಮಾತುಗಳನ್ನು ಹೇಳಿ ಕಳುಹಿಸುವ ವಾಡಿಕೆಯಿಂದಲೇ ಜನರು ಈ ಉಪಾಯವನ್ನು ಕಲಿತಿರಬೇಕೆಂದು ಯಾರಾದರೂ ವಿನೋದವಾಗಿ ಹೇಳಿದರೆ, ನಮ್ಮ ವಾಚಕರಾದ ಅಧಿಕಾರಿ ಮಹಾಶಯರು ಕೋಪಿಸಿಕೊಳ್ಳಲಾರರೆಂದು ನಂಬುತ್ತೇವೆ.

ನಮ್ಮ ಅಜ್ಜಂಪುರದ ಸೀಮೆಗೆ ದೆವ್ವಗಳ ಪರಿಚಯವು ಹೊಸದೇನೂ ಅಲ್ಲ. ಅಮೃತಮಹಲ್ ಕಾವಲಿನಂಥ ಬಯಲು ಇರುವ ಕಡೆ, ಕತ್ತಲೆಯಲ್ಲಿ ಜಾನುವಾರುಗಳನ್ನು ಅಟ್ಟಿಕೊಂಡು ಬರುವವರಿಗೆ, ದೂರದಲ್ಲಿ ಮಿನುಗುವ ಬೆಳಕೊಂದು ಕೊಳ್ಳಿದೆವ್ವವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಹಳೆಯ ಹಳ್ಳಿಯ ದೆವ್ವಕ್ಕೂ ಪಟ್ಟಣದ ದೆವ್ವಕ್ಕೂ ಒಂದು ಭೇದವುಂಟು. ಇದನ್ನು ಬಹುಮಂದಿ ಗಮನಿಸಿದಂತಿಲ್ಲ. ಹಳ್ಳಿಯ ದೆವ್ವಕ್ಕೆ ವಿಳಾಸವಿತ್ತು. ಬ್ರಹ್ಮರಾಕ್ಷಸನಿಗೆ ಒಂದು ಅರಳಿಮರ, ಮೋಹಿನಿಗೆ ಒಂದು ಹುಣಿಸೆಮರ ಇಲ್ಲವೇ ಹಾಳುಬಾವಿ. ಆ ಎಡೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗದಿದ್ದರೆ ಸಾಕು, ಉಳಿದ ಊರೆಲ್ಲ ನಿರ್ಭಯವಾಗಿತ್ತು. ಪಟ್ಟಣದ ದೆವ್ವಕ್ಕೆ ಮರವೂ ಇಲ್ಲ, ಬಾವಿಯೂ ಇಲ್ಲ. ಅದು ಎಲ್ಲ ಬೀದಿಗಳಲ್ಲಿಯೂ ಅಲೆಯುತ್ತದೆ, ಎಲ್ಲ ಕದಗಳನ್ನೂ ತಟ್ಟುತ್ತದೆ, ಪರಿಚಿತರ ಧ್ವನಿಯಲ್ಲಿಯೇ ಕರೆಯುತ್ತದೆ. ನೆರೆಯವನ ಹೆಸರನ್ನೂ ಅರಿಯದೆ ಬಾಡಿಗೆಯ ಮನೆಗಳಲ್ಲಿ ಬಾಳುವ ಜನರ ಭಯ ಇದು. ಈ ಭಯಕ್ಕೆ ಒಂದು ದಿನ ಮನುಷ್ಯನ ಮುಖ ಸಿಕ್ಕಿತೆಂದರೆ ಆಗುವ ಅನಾಹುತವನ್ನು ಮುಂದೆ ಹೇಳುವೆವು.

ಭಯದ ಕಥೆಗಳನ್ನೇ ಟೆಲಿವಿಷನ್ನಿನಿಂದ ಬಹಿಷ್ಕರಿಸಬೇಕೆಂಬ ಕೆಲವರ ಮತವನ್ನು ನಾವು ಒಪ್ಪಲಾರೆವು. 1990ರ ದಶಕದ ಆದಿಭಾಗದಲ್ಲಿ ದೂರದರ್ಶನದವರು ‘ಗುಡ್ಡದ ಭೂತ’ ಎಂಬ ಧಾರಾವಾಹಿಯನ್ನು ಪ್ರಸಾರ ಮಾಡಿದರು. ಅದರ ನಿರ್ದೇಶಕರು ಸದಾನಂದ ಸುವರ್ಣರು, 1977ರ ‘ಘಟಶ್ರಾದ್ಧ’ ಚಿತ್ರವನ್ನು ನಿರ್ಮಿಸಿ ರಾಷ್ಟ್ರದ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದವರಲ್ಲಿ ಒಬ್ಬರು, 2024ರಲ್ಲಿ ದಿವಂಗತರಾದರು. ಇಂದು ಪ್ರಖ್ಯಾತರಾಗಿರುವ ಪ್ರಕಾಶ್ ರಾಜ್ ಅವರು ಆಗಿನ್ನೂ ಪ್ರಕಾಶ್ ರೈ ಎಂಬ ತರುಣ ನಟರಾಗಿ ಅದರಲ್ಲಿ ಅಭಿನಯಿಸಿದರು. ಬಿ. ಆರ್. ಛಾಯಾ ಅವರು ಹಾಡಿದ ಅದರ ಶೀರ್ಷಿಕೆ ಗೀತೆಯನ್ನು ಕೇಳಿದೊಡನೆ ಹೊದಿಕೆಯನ್ನು ಮುಖದ ಮೇಲಕ್ಕೆ ಎಳೆದುಕೊಂಡ ಮಕ್ಕಳು ಇಂದು ನಡುವಯಸ್ಸಿನ ಗೃಹಸ್ಥರು. ಆ ಭಯದಿಂದ ಅವರು ಕೆಟ್ಟುಹೋದರೆಂದು ಯಾರೂ ಹೇಳರು. ಆ ಧಾರಾವಾಹಿಯ ನೆನಪಿನ ಬಲದಿಂದಲೇ 2015ರಲ್ಲಿ ‘ರಂಗಿತರಂಗ’ ಎಂಬ ಚಿತ್ರವು ಮೂಡಿತು. ಭೂತವೆಂದು ಊರೆಲ್ಲ ನಡುಗುತ್ತಿರುವಾಗ ಆ ನಡುಕದ ಮರೆಯಲ್ಲಿ ನಿಂತ ಕೊಲೆಗಾರನು ಮನುಷ್ಯನೇ ಎಂಬುದನ್ನು ಆ ಚಿತ್ರವು ಕಡೆಯಲ್ಲಿ ತೋರಿಸಿತು. ಭಯಪಡಿಸಿ, ಭಯದ ಬೇರನ್ನೂ ಅಗೆದು ಕಾಣಿಸುವುದು ಕಥೆಗಾರನ ಹಳೆಯ ಧರ್ಮ. ಇಂಥ ಕಥೆಗಳು ಇನ್ನೂ ಹತ್ತು ಬರಲಿ.

ನಮ್ಮ ಆಕ್ಷೇಪಣೆ ಬೇರೆಯ ಬಗೆಯದರ ಮೇಲೆ. ಖಾಸಗಿ ವಾಹಿನಿಗಳು ಬಂದ ಮೇಲೆ 1993ರಲ್ಲಿ ರಾಮ್‌ಸೇ ಸಹೋದರರ ‘ಜೀ ಹಾರರ್ ಶೋ’ ಹಿಂದಿಯಲ್ಲಿ ಬಂದಿತು. 1995ರಲ್ಲಿ ‘ಆಹಟ್’ ಬಂದಿತು. ಇವು ಕಥೆಗಳೆಂದೇ ಬಂದವು, ಕಥೆಗಳೆಂದೇ ಹೋದವು. 2012ರಲ್ಲಿ ಬಂದ ‘ಫಿಯರ್ ಫೈಲ್ಸ್’ ಎಂಬುದಾದರೋ ತನ್ನ ಹೆಸರಿನ ಬಾಲದಲ್ಲಿಯೇ ತಾನು ಭಯದ ನಿಜವಾದ ಚಿತ್ರಗಳೆಂದು ಸಾರಿಕೊಂಡಿತು. ಅಲ್ಲಿಂದ ಈಚೆಗೆ ‘ನಿಜ ಘಟನೆ’ ಎಂಬುದು ಸರಕಿನ ಮೇಲೆ ಅಂಟಿಸುವ ಚೀಟಿಯಾಗಿಬಿಟ್ಟಿದೆ. ಯಾವ ಊರು, ಯಾವ ಇಸವಿ, ಸತ್ತವರು ಯಾರು, ಕಂಡವರು ಯಾರು, ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಉತ್ತರವಿಲ್ಲ. ವಾರ್ತಾವಾಹಿನಿಗಳ ಪೈಕಿ ಕೆಲವು ಇದಕ್ಕಿಂತಲೂ ಕೆಳಗಿಳಿದು, ಅಪರಾತ್ರಿಯಲ್ಲಿ ಪಾಳುಮನೆಗಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿ, ಬಾಗಿಲು ಕಿರುಗುಟ್ಟಿದುದನ್ನೇ ಸುದ್ದಿಯೆಂದು ಬಿತ್ತರಿಸುವುದನ್ನು ನೋಡಿದ್ದೇವೆ. ಸುದ್ದಿಯ ವೃತ್ತಿಯಲ್ಲಿರುವ ನಮಗೆ ಇದು ನಾಚಿಕೆಯ ಸಂಗತಿ.

ಕಥೆಯ ಕಡೆಯನ್ನು ಕತ್ತರಿಸಿ ನಿಜವೆಂದು ಹೆಸರಿಟ್ಟರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ರಕ್ತದ ಸಾಕ್ಷ್ಯವಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿರುವರೆಂಬ ವದಂತಿಯು ವಾಟ್ಸಪ್ಪಿನ ಮೂಲಕ ಮನೆ ಮನೆಯನ್ನೂ ಹೊಕ್ಕಿತು. ಅದರೊಡನೆ ಹಬ್ಬಿದ ಒಂದು ಚಲನಚಿತ್ರದ ತುಣುಕಿನಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವರು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ಮಾಡಿದ ಪ್ರಚಾರಚಿತ್ರ. ಅದರ ಕಡೆಯಲ್ಲಿ ಆ ಇಬ್ಬರೂ ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಮಕ್ಕಳ ಮೇಲೆ ಕಣ್ಣಿಡಿರೆಂಬ ಎಚ್ಚರಿಕೆಯ ಫಲಕವನ್ನು ತೋರಿಸುವರು. ಆ ಕಡೆಯ ಭಾಗವನ್ನು ಯಾರೋ ಕತ್ತರಿಸಿ ಬಿಸುಟರು. ಉಳಿದುದು ಗಡಿಯನ್ನು ದಾಟಿ ಬಂದು ನಿಜವಾಯಿತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸವನ್ನರಸಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಕಟ್ಟಿ ಬೀದಿಯಲ್ಲಿ ಎಳೆದು ಹೊಡೆದು ಕೊಂದರು. ಜುಲೈ 13ರಂದು ಬೀದರ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಹಂಚಿದುದೇ ಅಪರಾಧವಾಯಿತು. ಅವರ ಕಾರು ಓಡುವುದಕ್ಕಿಂತ ಮುಂಚೆಯೇ ಸುದ್ದಿಯು ಮುಂದಿನ ಊರನ್ನು ಸೇರಿತ್ತು. ಮುರ್ಕಿ ಎಂಬ ಗ್ರಾಮದ ಬಳಿ ದಾರಿಯನ್ನು ಅಡ್ಡಗಟ್ಟಿ ನೂರಾರು ಜನರು ಹೊಡೆದರು. ಬಿಡಿಸಲು ಹೋದ ಪೊಲೀಸಿನವರಿಗೂ ಗಾಯಗಳಾದವು. ಒಬ್ಬ ಎಂಜಿನಿಯರು ಸತ್ತನು. ಸೇತುವೆಗೂ ಕೆರೆಗೂ ನರಬಲಿ ಬೇಕೆಂಬ ನಂಬಿಕೆಯು ನಮ್ಮಲ್ಲಿ ಎಷ್ಟು ಹಳೆಯದೆಂಬುದನ್ನು ‘ಕೆರೆಗೆ ಹಾರ’ದ ಹಾಡನ್ನು ಕೇಳಿದವರು ಬಲ್ಲರು. ಮಕ್ಕಳ ಕಳ್ಳನ ಭಯವು ಆ ಹಳೆಯ ಬೇರಿನಿಂದಲೇ ಚಿಗುರಿದ್ದಿರಬಹುದು. ಬೇರು ಹಳೆಯದಾದರೂ ಸತ್ತವರು ನಮ್ಮ ಕಾಲದವರು, ಕೊಂದವರೂ ನಮ್ಮ ಕಾಲದವರೇ. ಬಾಗಿಲಿನ ಮೇಲೆ ಎರಡು ಮಾತು ಬರೆದರೆ ‘ನಾಳೆ ಬಾ’ ದೆವ್ವವು ಹಿಂದಿರುಗುತ್ತಿತ್ತು. ಈ ದೆವ್ವಕ್ಕೆ ಅಂಥ ಬರಹವಾವುದೂ ಇರಲಿಲ್ಲ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಆರನೆಯ ನಿಯಮವು ಮೂಢನಂಬಿಕೆಯನ್ನು ಪ್ರೋತ್ಸಾಹಿಸುವ ಕಾರ್ಯಕ್ರಮವನ್ನು ಸ್ಪಷ್ಟವಾಗಿ ನಿಷೇಧಿಸಿದೆ. 1995ರ ಅಧಿನಿಯಮದ ಮೇರೆಗೆ ಜಿಲ್ಲಾಧಿಕಾರಿಗಳೂ ಉಪವಿಭಾಗಾಧಿಕಾರಿಗಳೂ ಅಧಿಕೃತ ಅಧಿಕಾರಿಗಳಾಗಿರುವರು. 2021ರ ತಿದ್ದುಪಡಿಯ ಪ್ರಕಾರ ನೋಡುಗನು ವಾಹಿನಿಗೆ ದೂರು ಬರೆದರೆ ಹದಿನೈದು ದಿನಗಳೊಳಗಾಗಿ ಅದನ್ನು ಇತ್ಯರ್ಥಪಡಿಸಬೇಕು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವವರನ್ನು ಶಿಕ್ಷಿಸುವ ನಮ್ಮ ರಾಜ್ಯದ 2017ರ ಅಧಿನಿಯಮವೂ 2020ರಿಂದ ಜಾರಿಯಲ್ಲಿದೆ. ಆದರೆ ಈ ಆರನೆಯ ನಿಯಮವನ್ನು ಕುರುಡಾಗಿ ಬೀಸಿದರೆ ‘ಗುಡ್ಡದ ಭೂತ’ಕ್ಕೂ ಪೆಟ್ಟು ಬೀಳುವುದು. ನಿಯಮವು ಕಥೆಯನ್ನು ಮುಟ್ಟದಿರಲಿ. ಸಾಕ್ಷ್ಯವಿಲ್ಲದೆ ‘ನಿಜ’ವೆಂದು ಮಾರುವವರನ್ನು ಮಾತ್ರ ಹಿಡಿಯಲಿ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆಯನ್ನು ಕಂಡ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ನೇಮಿಸಿದರು. ಅವರು ಯಾರ ಬಾಯನ್ನೂ ಕಟ್ಟಲಿಲ್ಲ; ಹೇಳಿದುದಕ್ಕೆ ಪರೀಕ್ಷೆಯನ್ನು ಕೇಳಿದರು, ಅಷ್ಟೇ. ವಾಹಿನಿಯವರನ್ನೂ ಅಷ್ಟನ್ನೇ ಕೇಳತಕ್ಕದ್ದು.

ಇನ್ನು ಚಂದನ ವಾಹಿನಿಯವರಿಗೆ ಒಂದು ಮಾತು. ‘ಗುಡ್ಡದ ಭೂತ’ವನ್ನು ಎಲ್ಲರೂ ಮಲಗಿದ ಮೇಲಲ್ಲದೆ, ಮನೆಮಂದಿಯೆಲ್ಲ ಕುಳಿತು ನೋಡುವ ಹೊತ್ತಿನಲ್ಲಿ ಇನ್ನೊಮ್ಮೆ ಪ್ರಸಾರ ಮಾಡಲಿ. ಅದರ ಬೆನ್ನಿಗೆ, ನಮ್ಮ ಪಟ್ಟಣಗಳ ಈ ವದಂತಿಗಳನ್ನೇ ವಸ್ತುವಾಗಿಟ್ಟುಕೊಂಡು ಹೊಸ ಧಾರಾವಾಹಿಯೊಂದನ್ನು ಕನ್ನಡದಲ್ಲಿಯೇ ಮಾಡಿಸಲಿ. ಭಯವು ಧಾರಾಳವಾಗಿಯೇ ಇರಲಿ, ಅಳುಕಬೇಕಾಗಿಲ್ಲ. ಮೊದಲ ಕಂತು ಬೆಂಗಳೂರಿನ ಮನೆಯೊಂದರ ಕದದ ಮೇಲಣ ಬರಹದಿಂದ ಆರಂಭವಾಗಲಿ. ಕಡೆಯ ಕಂತು ಮುರ್ಕಿಯ ರಸ್ತೆಯಲ್ಲಿ, ಉರುಳಿಬಿದ್ದ ಕಾರಿನ ಬಳಿಯಲ್ಲಿ ಮುಗಿಯಲಿ. ಅದನ್ನು ನಿಜ ಘಟನೆಯೆಂದು ಕರೆಯಲು ಯಾವ ಚೀಟಿಯನ್ನೂ ಅಂಟಿಸಬೇಕಾಗಿಲ್ಲ. ತಾರೀಖನ್ನೂ ಊರಿನ ಹೆಸರನ್ನೂ ಬರೆದರೆ ಸಾಕು.